ಕೆಂಪು ಚುಕ್ಕಿಯ ಸೋಡಾ ಬಾಟ್ಲಿ

ಹಳೇ ಸಾಮಾನಿನ ಹುಚ್ಚು ಹತ್ತಿದವರಿಗೆ ಸಾಮಾನು ಬೇಕು, ಅದನ್ನು ಬಳಸಿದವರ ಮಾತು ಬೇಡ. ಹೋಟೆಲ್ ಸಾಹುಕಾರ ಇದರಲ್ಲಿ ಎತ್ತಿದ ಕೈ. ಮುಚ್ಚಿಹೋದ ಸೋಡಾ ಕಾರ್ಖಾನೆಯ ಶೆಡ್ಡು ಕೊಂಡು ಕೆಡವಿಸುವಾಗ ಅಟ್ಟದ ಮೇಲೆ ಗೋಲಿ ಸೋಡಾ ಬಾಟ್ಲಿಗಳ ಪೆಟ್ಟಿಗೆ ಸಿಕ್ಕಿತು. ಒಳಗೆ ಮೂವತ್ತು. ನಿಧಿಯೇ ಸಿಕ್ಕಿತೆಂದು ಕುಣಿದಾಡಿದ. ಅಲ್ಲಿ ನಲವತ್ತು ವರ್ಷ ಸೋಡಾ ತುಂಬಿದ ಮುದುಕನಿಗೆ ಹೇಳಿ ಕಳಿಸಿದ.

ಮುದುಕ ಒಂದು ಬಾಟ್ಲಿ ಎತ್ತಿದ. ಕೊರಳ ಮೇಲೆ ಕೆಂಪು ಪೇಂಟಿನ ಚುಕ್ಕಿ. ನೋಡಿದವನೇ ಅಲ್ಲೇ ಕುಕ್ಕರಿಸಿದ. ಅವನ ಹೆಂಡತಿ ಇಟ್ಟ ಚುಕ್ಕಿ ಅದು. ಬಾಟ್ಲಿ ತೊಳೆಯುವುದು ಅವಳ ಕೆಲಸ. ತೊಳೆದದ್ದಕ್ಕೆಲ್ಲ ಚಮಚದಿಂದ ಒಮ್ಮೆ ಬಡಿದು ಕಿವಿಗೊಡುತ್ತಿದ್ದಳು. ಕಣ್ಣಿಗೆ ಕಾಣದ ಬಿರುಕು ಅವಳಿಗೆ ಕೇಳಿಸುತ್ತಿತ್ತು. ಅಂಥದ್ದಕ್ಕೆ ಕೆಂಪು ಚುಕ್ಕಿ. ಗ್ಯಾಸ್ ತುಂಬಿದರೆ ಸಿಡಿಯುತ್ತದೆಂದು ಅರ್ಥ.

ಗಂಡನಾದ ಈ ಮಹಾಶಯ ಆಗ ನಂಬಿದ್ದನೇ? "ಕಿವೀಲಿ ಬಿರುಕು ನೋಡ್ತಾಳಂತೆ, ತಲೆಕೆಟ್ಟೋಳು!" ಎಂದು ಎಲ್ಲರೆದುರು ಆಡಿಕೊಂಡು, ಚುಕ್ಕಿಯಿದ್ದ ಬಾಟ್ಲಿಯನ್ನೇ ಹಠಕ್ಕೆ ಬಿದ್ದು ಗ್ಯಾಸ್ ತುಂಬುವ ಯಂತ್ರಕ್ಕೆ ಸಿಕ್ಕಿಸಿ ತಿರುಗಿಸಿದ. ಬಾಟ್ಲಿ ಸಿಡಿದು ಅವನ ಎಡಗಣ್ಣು ಹೋಯಿತು. ಆಮೇಲೆ ಬಂತು ನೋಡಿ ಬುದ್ಧಿ! ಅವಳು ತೀರಿಕೊಂಡು ಈಗ ಆರು ವರ್ಷ. ಅಕ್ಷರ ಕಲಿತವಳಲ್ಲ. ಅವಳ ಕೈಗುರುತು ಅಂತ ಉಳಿದಿದ್ದರೆ ಈ ಚುಕ್ಕಿಗಳೇ.

"ಸಾಹುಕಾರ್ರೇ, ಚುಕ್ಕಿ ಇರೋದ್ರಲ್ಲಿ ಒಂದು ನಂಗೆ ಕೊಡಿ. ಮಿಕ್ಕ ಚುಕ್ಕಿಯವನ್ನ ಬೇರೆ ಇಡಿ, ಅವು ಬಿರುಕು ಬಿಟ್ಟಿವೆ."

"ಒಂದ್ಯಾಕೆ, ಎರಡು ತಗೊಳ್ಳಿ ತಾತ! ಭಾನುವಾರ ಬನ್ನಿ. ಗಿರಾಕಿಗಳ ಮುಂದೆ ನೀವೇ ಸೋಡಾ ತುಂಬಬೇಕು."

ಬಿರುಕಿನ ಮಾತನ್ನು ಸಾಹುಕಾರ ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟಿದ್ದ. ಭಾನುವಾರ ಮುದುಕ ಇಸ್ತ್ರಿ ಅಂಗಿ ತೊಟ್ಟು ಹೋದರೆ, ಹೋಟೆಲಿನಲ್ಲಿ ಹಳೇ ಸೋಡಾ ಯಂತ್ರದ ಪಕ್ಕ ಮೂವತ್ತೂ ಬಾಟ್ಲಿಗಳು ಮೇಜಿನ ಮೇಲೆ ಫಳಫಳ ಹೊಳೆಯುತ್ತಿದ್ದವು. ಒಂದರ ಮೇಲೂ ಚುಕ್ಕಿ ಇರಲಿಲ್ಲ.

"ಥಿನ್ನರ್ ಹಾಕಿ ಉಜ್ಜಿಸ್ದೆ ತಾತ. ಯಾರೋ ತಲೆಕೆಟ್ಟೋರು ಪೇಂಟ್ ಮೆತ್ತಿದ್ರು."

ಮುದುಕನಿಗೆ ಮೈಯೆಲ್ಲ ಉರಿದುಹೋಯಿತು. ಆದರೆ ಯಾವ ಬಾಯಲ್ಲಿ ಬೈಯುವುದು? ಆ ಮಾತನ್ನು ಮೊದಲು ಆಡಿದವನು ತಾನೇ. ಒಂದು ಚಮಚ ಕೇಳಿ ತರಿಸಿಕೊಂಡ. ಗಿರಾಕಿಗಳು ಫೋನು ಹಿಡಿದು ಸುತ್ತ ನಿಂತರು. ಒಂದೊಂದೇ ಬಾಟ್ಲಿಗೆ ಬಡಿದು, ಕಿವಿಯ ಹತ್ತಿರ ಹಿಡಿದು, ಕೆಳಗಿಟ್ಟ. ಮೂವತ್ತೂ ಮುಗಿದವು. ಮತ್ತೆ ಮೊದಲಿನಿಂದ ಬಡಿದ.

"ಯಾವ್ದು ತುಂಬ್ತೀರಿ ತಾತ?"

"ಯಾವ್ದೂ ಇಲ್ಲ." ಯಂತ್ರದ ಹಿಡಿ ಕಳಚಿ ಜೇಬಿಗೆ ಹಾಕಿಕೊಂಡ. "ನೀವೂ ತುಂಬಬೇಡಿ."

"ಹೋಗ್ಲಿ, ನಿಮಗೆ ಹೇಳಿದ್ದ ಬಾಟ್ಲೀನಾದ್ರೂ ತಗೊಳ್ಳಿ."

"ಅವಳ್ದು ಯಾವ್ದು ಅಂತ ಗೊತ್ತಾಗ್ತಿಲ್ಲ ಸ್ವಾಮಿ," ಎಂದ ಮುದುಕ. "ನಂಗೆ ಎಲ್ಲಾ ಒಂದೇ ಥರ ಕೇಳಿಸ್ತಿದೆ."