ಪೂರ್ತಿ ಕೇಳದ ಪ್ರೋಗ್ರಾಂ

ನನಗೆ ಆಗ ಇಪ್ಪತ್ಮೂರು ವರ್ಷ, ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಎಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ದಿನಾ ಬೆಳಿಗ್ಗೆ ದಾವಣಗೆರೆಯಲ್ಲಿ ಪ್ಯಾಸೆಂಜರ್ ರೈಲು ಹತ್ತಿ ಹರಿಹರದ ಒಂದು ಕಾರ್ಖಾನೆಗೆ ಹೋಗುತ್ತಿದ್ದೆ. ಅಲ್ಲಿ ಹೊಸದಾಗಿ ಬಂದಿದ್ದ ಕಂಪ್ಯೂಟರಿಗೆ ಸಿ ಭಾಷೆಯಲ್ಲಿ ಪ್ರೋಗ್ರಾಂ ಬರೆಯುವುದು ನನ್ನ ಕೆಲಸ. ಇನ್ನೂ ಪ್ರೊಬೇಷನ್‌ನಲ್ಲಿದ್ದೆ, ಆದರೂ ಆ ಕೋಣೆಗೆ ನಾನೇ ಯಜಮಾನ ಅನ್ನುವ ಹಾಗೆ ಓಡಾಡುತ್ತಿದ್ದೆ. ಯಾರಾದರೂ ಚಪ್ಪಲಿ ಹಾಕಿಕೊಂಡು ಒಳಗೆ ಬಂದರೆ ಅವರ ಕಥೆ ಮುಗಿಯಿತು.

ಉಗ್ರಾಣದ ಸಾಮಾನಿನ ಪಟ್ಟಿಯನ್ನು ಅಚ್ಚು ಹಾಕುವ ಪ್ರೋಗ್ರಾಂ ಬರೆದು ಅದಕ್ಕೆ ಪಟ್ಟಿ ಅಂತಲೇ ಹೆಸರಿಟ್ಟಿದ್ದೆ. ಅಡ್ಡಗೆರೆ ಹಾಕಿ v ಅಂದರೆ ವಿಭಾಗ, k ಅಂದರೆ ಕಡಿಮೆ ಬಿದ್ದ ಸಾಮಾನು ಮಾತ್ರ. ಕೊನೆಗೆ ತಿಂಗಳ ಹೆಸರು. ಹೀಗೆ:

patti -v 4 -k march

ಇದನ್ನು ದಿನಾ ಹೊಡೆಯಬೇಕಾದವರು ಉಗ್ರಾಣದ ಟೈಪಿಸ್ಟ್. ಐವತ್ತು ದಾಟಿದ ಹೆಂಗಸು, ಎಲ್ಲರಿಗೂ ಅಕ್ಕೋರು. ಇಪ್ಪತ್ತೈದು ವರ್ಷ ಟೈಪ್‌ರೈಟರ್ ಕುಟ್ಟಿ ಅವರ ಬೆರಳಿನ ಗೆಣ್ಣುಗಳು ಊದಿಕೊಂಡಿದ್ದವು. ಟರ್ಮಿನಲ್ಲಿನ ಕೀಲಿಗಳು ಮೆತ್ತಗಿವೆ ಅಂತ ಸಾಹೇಬರನ್ನು ಕೇಳಿಕೊಂಡು ನಮ್ಮ ಕೋಣೆಗೆ ಬಂದಿದ್ದರು. ಮೊದಲ ದಿನ ಕೀಲಿಗಳ ಮೇಲೆ ಬೆರಳಾಡಿಸಿ, "ಅಯ್ಯ, ಒತ್ತಾದೇ ಬ್ಯಾಡ ನೋಡು ತಮ್ಮಾ," ಅಂತ ನಕ್ಕಿದ್ದರು.

ಎರಡನೇ ದಿನ ನಾಲ್ಕನೇ ವಿಭಾಗದ ಪಟ್ಟಿ ಕೇಳಿದರೆ ಇಡೀ ಕಾರ್ಖಾನೆಯ ಪಟ್ಟಿ ಬಂತು. ಪ್ರಿಂಟರು ಕಿರ್ರ್ ಅಂತ ಕಾಗದ ಕಕ್ಕುತ್ತಲೇ ಇತ್ತು, ನೆಲದ ಮೇಲೆ ಮಡಿಕೆ ಮಡಿಕೆಯಾಗಿ ರಾಶಿ ಬಿತ್ತು. ಮಾರನೇ ದಿನವೂ ಅದೇ. ನೋಡಿದರೆ ಅವರು ಹೊಡೆದದ್ದು ಹೀಗೆ:

patti march -v 4 -k

"ಗೆರೆ ಮೊದಲು, ತಿಂಗಳು ಆಮೇಲೆ! ಎಷ್ಟು ಸಲ ಹೇಳಬೇಕ್ರಿ?" ಅಂತ ರೇಗಿದೆ. ಚೀಟಿ ಬರೆದು ಟರ್ಮಿನಲ್ಲಿಗೆ ಅಂಟಿಸಿದೆ. ಆದರೆ ಅವರ ಬೆರಳು ಅವರ ಬಾಯಿ ಹೇಳಿದ ಹಾಗೇ ಹೋಗುತ್ತಿತ್ತು. ಮಾರ್ಚಿನ ಪಟ್ಟಿ, ನಾಲ್ಕನೇದ್ದು, ಕಡಿಮೆ ಇರೋದಷ್ಟೇ ಅಂತ ಗೊಣಗಿಕೊಳ್ಳುತ್ತಾ ಹೊಡೆಯುತ್ತಿದ್ದರು.

"ನಾ ಎಲ್ಲಾ ಹೇಳೀನಿ ತಮ್ಮಾ. ಅದೇ ಅರ್ಧಕ್ಕೆ ಕೇಳಾದು ಬಿಡ್ತೈತೆ," ಅಂದರು. ನಾನು ಹಣೆ ಚಚ್ಚಿಕೊಂಡೆ.

ಶನಿವಾರ ಕಾಗದದ ರಾಶಿ ನೋಡಿ ಸಾಹೇಬರು ತೀರ್ಮಾನ ಮಾಡಿಬಿಟ್ಟರು. ಸೋಮವಾರ ಅವರ ಎದುರಿಗೇ ಒಂದು ಪಟ್ಟಿ ಸರಿಯಾಗಿ ತೆಗೆಯಬೇಕು. ಇಲ್ಲದಿದ್ದರೆ ಅಕ್ಕೋರು ಟಪಾಲು ವಿಭಾಗಕ್ಕೆ, ಮತ್ತೆ ಆ ಹಳೇ ಟೈಪ್‌ರೈಟರಿಗೆ. ಅಕ್ಕೋರು ಗೆಣ್ಣು ಒತ್ತಿಕೊಳ್ಳುತ್ತಾ ಕೂತರು. ನನಗೆ ಪಾಪ ಅನ್ನಿಸಿತು, ಆದರೆ ತಪ್ಪು ಅವರದೇ ಅಂತ ಖಾತ್ರಿಯಿತ್ತು.

ಭಾನುವಾರ ಅಬ್ಬಾನ, ಅಂದರೆ ನಮ್ಮಪ್ಪನ, ಟೈಲರ್ ಅಂಗಡಿಯಲ್ಲಿ ಗುಂಡಿಗೆ ಕಾಜಾ ಹಾಕುತ್ತಾ ಕೂತಿದ್ದೆ. ಅಂಗಿ ಹೊಲಿಸಲು ಒಬ್ಬರು ಬಂದರು. ಅವರು ಜೇಬಿನಿಂದ ಶುರು ಮಾಡಿ, ತೋಳಿಗೆ ಹೋಗಿ, ಮಗಳ ಮದುವೆ ಮಾತಾಡಿ, ಮತ್ತೆ ಕಾಲರಿಗೆ ಬಂದರು. ಅಬ್ಬಾ ಅಳತೆ ಪುಸ್ತಕದಲ್ಲಿ ಉದ್ದ, ಎದೆ, ತೋಳು, ಕಾಲರು, ಜೇಬು ಅಂತ ಗೆರೆ ಹೊಡೆದ ಮನೆಗಳಲ್ಲಿ ಒಂದೊಂದನ್ನೂ ಅದರದರ ಜಾಗದಲ್ಲಿ ತುಂಬುತ್ತಾ ಹೋದರು. ಹೇಳದೇ ಬಿಟ್ಟ ಮನೆಗೆ ಅಂಗಡಿಯ ರೂಢಿಯದನ್ನೇ ಬರೆದರು. ಗಿರಾಕಿ ಮೆಟ್ಟಿಲು ಇಳಿದವರು ತಿರುಗಿ, "ಜೇಬು ಎರಡು ಬ್ಯಾಡ್ರಿ, ಒಂದೇ ಸಾಕು," ಅಂದರು. ಅಬ್ಬಾ ಮುಚ್ಚಿದ ಪುಸ್ತಕ ಮತ್ತೆ ತೆಗೆದು ತಿದ್ದಿದರು.

"ಮೊದಲೇ ಹೇಳಬಾರದಿತ್ತಾ ಅವರು?" ಅಂದೆ.

"ಅವರು ಹೆಂಗಾದ್ರೂ ಹೇಳ್ತಾರೆ ಬೇಟಾ. ಪೂರ್ತಿ ಕೇಳ್ಕೊಂಡು ಆಮೇಲೆ ಕತ್ತರಿ ಹಿಡಿಯೋದು ನಮ್ಮ ಕೆಲಸ."

ಸೂಜಿ ಬೆರಳಿಗೆ ಚುಚ್ಚಿತು. ನನ್ನ ಪ್ರೋಗ್ರಾಂ ಗೆರೆಯಿಲ್ಲದ ಮೊದಲ ಪದ, ಅಂದರೆ ತಿಂಗಳ ಹೆಸರು, ಸಿಕ್ಕ ಕೂಡಲೇ ಓದುವುದನ್ನು ನಿಲ್ಲಿಸಿ ಅಚ್ಚು ಹಾಕಲು ಹೊರಡುತ್ತಿತ್ತು. ಅದು ಅರ್ಧಕ್ಕೆ ಕೇಳುವುದು ಬಿಡುತ್ತದೆ ಅಂತ ಅಕ್ಕೋರು ಹೇಳಿದ್ದು ಅಕ್ಷರಶಃ ನಿಜವಾಗಿತ್ತು. ನಾನೂ ಅವರ ಮಾತನ್ನು ಅರ್ಧಕ್ಕೇ ಬಿಟ್ಟಿದ್ದೆ.

ಸೋಮವಾರ ಎಲ್ಲರಿಗಿಂತ ಮೊದಲು ಹೋಗಿ ಕೂತೆ. ಅಬ್ಬಾನ ಪುಸ್ತಕದ ಹಾಗೆ ವಿಭಾಗ, ಕಡಿಮೆ, ತಿಂಗಳು ಅಂತ ಮೂರು ಮನೆಗಳ ಒಂದು ಸ್ಟ್ರಕ್ಚರ್ ಮಾಡಿದೆ. ಹೇಳದೇ ಬಿಟ್ಟರೆ ಇರಲಿ ಅಂತ ಮೊದಲು ಅದರಲ್ಲಿ ರೂಢಿಯದನ್ನೇ ತುಂಬಿದೆ. ಹೊಡೆದ ಸಾಲನ್ನು ಕೊನೇ ಪದದವರೆಗೂ ಓದಬೇಕು, ಯಾವುದು ಎಲ್ಲೇ ಬಂದರೂ ಅದರ ಮನೆಗೆ ಹಾಕಬೇಕು, ಓದಿ ಮುಗಿದ ಮೇಲೆಯೇ ಪ್ರಿಂಟರಿಗೆ ಕೈ ಹಾಕಬೇಕು. ಬರೆಯಲು ಒಂದು ತಾಸೂ ಹಿಡಿಯಲಿಲ್ಲ.

ಅಷ್ಟರಲ್ಲಿ ಸಾಹೇಬರು ಬಂದು ಅಕ್ಕೋರ ಹಿಂದೆ ನಿಂತರು. ಅಕ್ಕೋರು ಮತ್ತೆ ಅದನ್ನೇ ಹೊಡೆದರು, ತಿಂಗಳು ಮೊದಲು. ಪ್ರಿಂಟರು ಎರಡು ಹಾಳೆ ಅಚ್ಚು ಹಾಕಿ ನಿಂತಿತು. ನಾಲ್ಕನೇ ವಿಭಾಗ, ಕಡಿಮೆ ಬಿದ್ದದ್ದು ಮಾತ್ರ.

"ಅಂತೂ ಕಲಿತ್ರಿ ನೋಡ್ರಿ," ಅಂದರು ಸಾಹೇಬರು.

ತಪ್ಪು ನನ್ನದು ಅನ್ನಲು ಬಾಯಿ ತೆರೆದೆ. ಪ್ರೊಬೇಷನ್ ನೆನಪಾಯಿತು, ಮುಚ್ಚಿದೆ. ಅಕ್ಕೋರು ಪರದೆಯ ಮೇಲಿದ್ದ ತಮ್ಮ ಸಾಲನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು.

"ಹೌದ್ರಿ ಸರ್. ಈ ತಮ್ಮ ಕಲಿಸಿದ," ಅಂದರು.

ಸಾಹೇಬರು ನನ್ನ ಬೆನ್ನು ತಟ್ಟಿ ಹೋದರು. ನನಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಇವತ್ತಿಗೂ ನೆನೆದರೆ ಹಾಗೇ ಆಗುತ್ತದೆ.

"ಈಗ ಪೂರ್ತಿ ಕೇಳ್ತೈತೆ, ಅಲ್ಲೇನು?" ಅಂತ ಅಕ್ಕೋರು ಮೆಲ್ಲಗೆ ಕೇಳಿದರು.

ತಲೆಯಾಡಿಸಿದೆ.

"ಹಂಗಾದ್ರೆ ಸಾಕು ಬಿಡಪ್ಪ," ಅಂದು ಐದನೇ ವಿಭಾಗದ ಪಟ್ಟಿ ಹೊಡೆಯತೊಡಗಿದರು, ತಿಂಗಳು ಮೊದಲು.