ಅಕ್ಕನ ವಾಚಿನ ನಾಲ್ಕು ಕೊಂಡಿ

ಮೊನ್ನೆ ಒಬ್ಬ ಹೆಣ್ಣುಮಗಳು ನನ್ನ ಎಡಗೈ ಹಿಡಿದು, ಮಣಿಕಟ್ಟಿನ ಒಳಮಗ್ಗುಲಿಗೆ ಎರಡು ಬೆರಳು ಒತ್ತಿದಳು. ತಪ್ಪು ತಿಳಿಯಬೇಡಿ, ಅದು ನಮ್ಮ ರಾಯದುರ್ಗದ ವಾಚಿನ ಅಂಗಡಿ, ಅವಳು ಅಂಗಡಿಯ ಖಾದರ್ ಸಾಹೇಬರ ಮಗಳು ಶಬಾನಾ, ವಾಚಿನ ಕೆಳಗೆ ಎಷ್ಟು ಸಡಿಲ ಬಿಡಬೇಕೆಂದು ಅಂದಾಜು ಮಾಡುತ್ತಿದ್ದಳು. ಆದರೆ ಆ ಬೆರಳು ತಾಗಿದ್ದೇ ನಾನು ಉಸಿರು ಬಿಗಿಹಿಡಿದು, ಪರೀಕ್ಷೆಯ ಫಲಿತಾಂಶಕ್ಕೆ ಕಾದವನ ಹಾಗೆ ಅವಳ ಮುಖವನ್ನೇ ನೋಡುತ್ತ ಕೂತೆ. ಅವಳು ಕೈಬಿಟ್ಟು, "ಯಾಕ್ರಿ ಕಾಕಾ, ನೋವಾತೇನ್ರಿ?" ಎಂದಳು. ಇಲ್ಲವೆಂದೆ. ಅಲ್ಲಿ ಯಾರೂ ಬೆರಳಿಡದೆ ಎರಡು ವರ್ಷವಾಗಿತ್ತು ಎಂಬುದನ್ನು ವಾಚಿನ ಅಂಗಡಿಯಲ್ಲಿ ಹೇಳುವುದು ಹೇಗೆ?

ವಾಚು ಕೊಳ್ಳುವಾಗ ನಾವೆಲ್ಲ ವಾಚಿನ ಮುಖ ನೋಡುತ್ತೇವೆ. ಸಾಹೇಬರು ಕೈ ನೋಡುತ್ತಾರೆ. ಗಿರಾಕಿ ಮೊದಲು ಬೆರಳು ತೋರಿಸಿದ ವಾಚನ್ನು ಅವರು ಸುಮ್ಮನೆ ತೆಗೆದುಕೊಟ್ಟದ್ದನ್ನು ನಾನಂತೂ ಕಂಡಿಲ್ಲ. ಹಳೆಯ ಪೇಪರಿನ ಪಟ್ಟಿಯೊಂದನ್ನು ಮಣಿಕಟ್ಟಿಗೆ ಸುತ್ತಿ, ತುದಿ ಕೂಡಿದ ಜಾಗದಲ್ಲಿ ಉಗುರಿನಿಂದ ಗೀರಿ, ಆಮೇಲೆ ತೀರ್ಪು. ವಾಚಿನ ಅಂಚು ಕೈಯ ಅಗಲವನ್ನು ದಾಟಬಾರದು. ಮಣಿಕಟ್ಟಿನ ಎಲುಬಿನ ಗಂಟಿದೆಯಲ್ಲ, ಅದರ ಮೇಲೆ ಹತ್ತಿ ಕೂರಬಾರದು, ಹಿಂದೆ ಸರಿದು ಕೂರಬೇಕು. ಕಿರುಬೆರಳು ತೂರುವಷ್ಟು ಸಡಿಲವಿರಬೇಕು, ಕೈ ಕೊಡವಿದರೆ ತಿರುಗಬಾರದು. ಮದುವೆಗೆಂದು ತಟ್ಟೆಯಗಲದ ವಾಚು ಕೇಳಿದ ಗುಮ್ಮಘಟ್ಟದ ಮದುಮಗನಿಗೆ, "ಇದಕ್ಕ ಮೊಳೆ ಹೊಡೀಬೇಕಾಗ್ತೈತಪ್ಪ, ಗ್ವಾಡಿ ಐತೇನು ನಿನ್ನ ಕೈಯಾಗ?" ಎಂದು ಕೇಳಿದವರು ಅವರು.

ಅವರ ಅಂಗಡಿಯಿಂದ ಎರಡು ಬಾಗಿಲು ಆಚೆ ನನ್ನ ರೆಡಿಮೇಡ್ ಬಟ್ಟೆ ಅಂಗಡಿ. ಅಳತೆಯ ವಿಷಯದಲ್ಲಿ ನನಗೂ ಜಂಬ ಕಡಿಮೆಯೇನಲ್ಲ. ಗಿರಾಕಿ ಮೆಟ್ಟಿಲು ಹತ್ತುವಾಗಲೇ ಸೊಂಟ ಮೂವತ್ತೆರಡೋ ಮೂವತ್ತನಾಲ್ಕೋ ಹೇಳಿಬಿಡುತ್ತೇನೆ; ಕೊರಳಲ್ಲಿ ತೂಗುವ ಟೇಪು ಬರೀ ಅಲಂಕಾರಕ್ಕೆ. ಈ ಜಂಬವನ್ನು ನೀವು ಸ್ವಲ್ಪ ನೆನಪಿನಲ್ಲಿಟ್ಟುಕೊಳ್ಳಿ.

ನಮ್ಮಕ್ಕ ಗಿರಿಜಾಳನ್ನು ಮಡಕಶಿರಾಕ್ಕೆ ಕೊಟ್ಟಿತ್ತು. ಅವಳು ಸರ್ಕಾರಿ ನರ್ಸು. ಅಮರಾಪುರದ ಕಡೆಯ ಹಳ್ಳಿಗಳಿಗೆ ಬಸ್ಸಿನಲ್ಲಿ, ಬಸ್ಸು ಹೋಗದ ಕಡೆಗೆ ಯಾರದೋ ಮೋಟಾರ್ ಸೈಕಲ್ಲಿನ ಹಿಂದೆ ಕೂತು ಹೋಗಿ, ಬಸುರಿ ಬಾಣಂತಿಯರ ನಾಡಿ ಹಿಡಿಯುವ ಕೆಲಸ. ಕೆಲಸ ಸಿಕ್ಕ ಹೊಸತರಲ್ಲಿ ತವರಿಗೆ ಬಂದವಳು ಸಾಹೇಬರ ಹತ್ತಿರ ವಾಚು ಕೊಂಡಳು. ಹೆಂಗಸರ ವಾಚಿನಲ್ಲಿ ಸೆಕೆಂಡಿನ ಮುಳ್ಳು ಕಾಣುವುದಿಲ್ಲ, ನಾಡಿ ಎಣಿಸುವುದು ಹೇಗೆಂದು ಗಂಡಸರ ವಾಚೇ ಕೇಳಿದಳು. ಸಾಹೇಬರು ಪಟ್ಟಿ ಸುತ್ತಿ ನೋಡಿ, ಈ ಕೈಗೆ ಅದೇ ಸರಿ ಎಂದು ಯಾವ ತಕರಾರೂ ಇಲ್ಲದೆ ಕೊಟ್ಟರು. ಅಕ್ಕನದೂ ನನ್ನದೂ ಒಂದೇ ಅಚ್ಚಿನ ಕೈ, ಅಪ್ಪನದು. ಸ್ಟೀಲು ಚೈನಿನ ಆ ವಾಚನ್ನು ಅವಳು ಮುಖ ಒಳಗೆ ಮಾಡಿ ಕಟ್ಟುತ್ತಿದ್ದಳು, ಎತ್ತಿಕೊಂಡ ಕೂಸುಗಳಿಗೆ ತರಚಬಾರದೆಂದು.

ಮಡಕಶಿರಾ ಅವಳ ನಾಲಿಗೆಯನ್ನು ಬದಲಿಸಿಬಿಟ್ಟಿತ್ತು. ಬಂದವಳು ಬಾಗಿಲಲ್ಲೇ "ಯಾಕೋ, ಸೊರಗಿದಂಗೆ ಕಾಣ್ತೀಯ ಕಣೋ" ಎನ್ನುವಳು. ನಾನು ಅವಳ ಮಾತನ್ನು ಅಣಕಿಸುವೆ. ಎರಡನೇ ಲೋಟ ಚಹಾದ ಹೊತ್ತಿಗೆ ಅವಳ 'ಯಾಕೆ' ಸವೆದು 'ಯಾಕ' ಆಗಿ, ಅಕ್ಕ ಪೂರ್ತಿ ಊರಿಗೆ ಬಂದಂತಾಗುತ್ತಿತ್ತು.

ಅವಳು ಬಂದ ಕೂಡಲೇ ನಾನು ಮಾಡುತ್ತಿದ್ದ ಮೊದಲ ಕೆಲಸವೆಂದರೆ ಎಡಗೈ ಚಾಚುವುದು. ನನಗೆ ಮೂವತ್ತನೆಯ ವಯಸ್ಸಿನಿಂದ ಹೃದಯಾಘಾತವಾಗುತ್ತಲೇ ಇದೆ. ಮಿರ್ಚಿ ಬಜ್ಜಿ ತಿಂದ ದಿನ ಎಡಗಡೆ, ಮೂಟೆ ಎತ್ತಿದ ದಿನ ಬಲಗಡೆ. ಊರ ಡಾಕ್ಟರು ನನ್ನನ್ನು ಕಂಡರೆ ಮುಖ ತಿರುಗಿಸುತ್ತಿದ್ದರು. ಅಕ್ಕ ತಿರುಗಿಸಲಿಲ್ಲ. ಉಳಿದವರಿಗೆಲ್ಲ ಅರ್ಧ ನಿಮಿಷ ಎಣಿಸಿ ಇಮ್ಮಡಿ ಮಾಡುತ್ತಿದ್ದವಳು ನನಗೆ ಪೂರ್ತಿ ಒಂದು ನಿಮಿಷ ಎಣಿಸುತ್ತಿದ್ದಳು. ಉಳಿದರ್ಧ ನಿಮಿಷದಲ್ಲಿ ಏನಾಯಿತೋ ಎಂದು ನಾನು ಕೊರಗುತ್ತೇನೆಂಬುದು ಅವಳಿಗೆ ಗೊತ್ತಿತ್ತು. ಎಣಿಸಿ, "ಎಪ್ಪತ್ತೆರಡು. ಇನ್ನ ಊಟ ಮಾಡು" ಎನ್ನುವಳು. ಆ ಊಟ ನನಗೆ ರುಚಿಸುತ್ತಿತ್ತು.

ಅವಳ ಕೊನೆಯ ವರ್ಷದಲ್ಲಿ ಮೂರು ಸಲ ಬಂದಳು. ಮೊದಲ ಸಲ ಕೈಯಿಂದ ವಾಚು ಬಿಚ್ಚಿಕೊಟ್ಟು, ಚೈನು ಸಡಿಲಾಗಿದೆ, ಸಾಹೇಬರ ಹತ್ತಿರ ಸರಿ ಮಾಡಿಸಿಕೊಂಡು ಬಾ ಎಂದಳು. ತನಗೆ ಬಸ್ಸಿನ ಆಯಾಸವಂತೆ. ಮಡಕಶಿರಾದಿಂದ ಪಾವಗಡ, ಅಲ್ಲಿಂದ ಕಲ್ಯಾಣದುರ್ಗ, ಅಲ್ಲಿಂದ ಇಲ್ಲಿಗೆ, ಯಾರಿಗಾದರೂ ಆಯಾಸವೇ. ಸಾಹೇಬರು ಒಂದು ಕೊಂಡಿ ತೆಗೆದರು. ಎರಡನೆಯ ಸಲವೂ ಅದೇ ಮಾತು, ಇನ್ನೊಂದು ಕೊಂಡಿ. ತೆಗೆದ ಕೊಂಡಿಯನ್ನು ಅವರು ಗಿರಾಕಿಗೆ ಕೊಡುವುದಿಲ್ಲ, ಕಳೆದುಕೊಳ್ಳುತ್ತಾರೆಂದು. ಕಾಗದದಲ್ಲಿ ಮಡಿಚಿ, ಹೆಸರು ಊರು ಬರೆದು, ಒಂದು ತಗಡಿನ ಡಬ್ಬಿಯಲ್ಲಿ ತಾವೇ ಇಟ್ಟುಕೊಳ್ಳುತ್ತಾರೆ. ಮೂರನೆಯ ಸಲ ಎರಡು ಕೊಂಡಿ ತೆಗೆಯಬೇಕು ಎಂದಾಗ ಅವರ ಕೈ ನಿಂತಿತು.

"ಚರ್ಮದ ಪಟ್ಟಿ ಆದ್ರ ಹಿಗ್ಗತೈತ್ರಿ. ಇದು ಉಕ್ಕು. ಚೈನು ಬೆಳಿಯಾಂಗಿಲ್ಲ, ಕೈ ಸಣ್ಣ ಆಗಿರತೈತಿ. ಅಕ್ಕಾರ್ನ ಒಮ್ಮೆ ಕರಕೊಂಡು ಬರ್ರಿ."

ಇದಕ್ಕಿಂತ ಬಿಡಿಸಿ ಯಾರು ಹೇಳಬೇಕಿತ್ತು? ಆ ವಾರ ನನ್ನ ಎಡಭುಜದಲ್ಲಿ ಒಂದು ಸೆಳೆತವಿತ್ತು. ನಾನು ಅದರ ಯೋಚನೆಯಲ್ಲಿದ್ದೆ. ಮನೆಗೆ ಬಂದು, ಸಾಹೇಬರಿಗೆ ವಯಸ್ಸಾಯಿತು, ಏನೇನೋ ಮಾತಾಡುತ್ತಾರೆ ಎಂದು ಇದನ್ನೇ ಅಕ್ಕನಿಗೆ ತಮಾಷೆಯಾಗಿ ಹೇಳಿದೆ. ಅಕ್ಕ ವಾಚು ಕಟ್ಟಿಕೊಂಡಳು. ಸರಿಯಾಗಿ ಕೂತಿತು. ಸೆರಗನ್ನು ಮುಂಗೈ ಮೇಲೆ ಎಳೆದುಕೊಂಡು ನಕ್ಕಳು.

"ಅವ್ರ ಮಾತು ಬಿಡು. ನಿನ್ನ ಕೈ ತಾ ಇಲ್ಲಿ."

ನಾನು ಕೊಟ್ಟೆ. ಪೂರ್ತಿ ಒಂದು ನಿಮಿಷ ಎಣಿಸಿದಳು. ಎಪ್ಪತ್ತನಾಲ್ಕು.

ಮೆಟ್ಟಿಲು ಹತ್ತುವವರ ಸೊಂಟ ಹೇಳುವವನು ನಾನು. ಎದುರಿಗೆ ಕೂತು ನನ್ನ ಕೈ ಹಿಡಿದವಳ ಮಣಿಕಟ್ಟು ನನ್ನದರ ಮುಕ್ಕಾಲಾಗಿದ್ದು ನನಗೆ ಕಾಣಲಿಲ್ಲ.

ಆಮೇಲಿನ ಫೋನು ಭಾವನದು, ಆಸ್ಪತ್ರೆಯಿಂದ. ನಾನು ಹೋಗಿ ಮುಟ್ಟುವಷ್ಟರಲ್ಲಿ ಅವಳಿಗೆ ಮಾತು ನಿಂತಿತ್ತು, ಎರಡು ದಿನಕ್ಕೆ ಅವಳೂ ಹೋದಳು. ಕಾಯಿಲೆಯ ವಿಷಯ ಇಬ್ಬರಿಗೂ ಒಂದು ವರ್ಷದಿಂದ ಗೊತ್ತಿತ್ತಂತೆ. ನನಗೇಕೆ ಹೇಳಲಿಲ್ಲವೆಂದು ನಾನು ಭಾವನ ಮೇಲೆ ಏರಿ ಹೋದೆ. ಅವರು, "ನಿಂಗೆ ಹೇಳ್ಬ್ಯಾಡ ಅಂತ ಆಣೆ ಹಾಕ್ಸಿದ್ಲು ಕಣಪ್ಪ. ಹೇಳಿದ್ರೆ ನನಗಿಂತ ಮುಂಚೆ ಅವನೇ ಮಂಚ ಹಿಡೀತಾನೆ ಅಂತ ನಗ್ತಿದ್ಲು" ಎಂದರು. ತಿಥಿಯ ದಿನ ವಾಚನ್ನು ನನ್ನ ಕೈಗಿಟ್ಟರು.

ಎರಡು ವರ್ಷ ಅದು ಬೀರುವಿನಲ್ಲಿತ್ತು. ನನ್ನ ಕೈಗೆ ಅದು ಹತ್ತುತ್ತಿರಲಿಲ್ಲ, ಹೆಬ್ಬೆರಳ ಗಂಟಿನಲ್ಲೇ ನಿಲ್ಲುತ್ತಿತ್ತು. ನನ್ನ ಹಳೆಯ ವಾಚು ಕೆಟ್ಟಾಗ ಹೆಂಡತಿ ಹೊಸದೊಂದು ಕೊಂಡುಕೊಳ್ಳಿ ಎಂದಳು. ಯಾಕೋ ಹೊರಡುವಾಗ ಅಕ್ಕನದನ್ನೂ ಜೇಬಿಗೆ ಹಾಕಿಕೊಂಡೆ.

ಶಬಾನಾ ಹೊಸ ವಾಚು ಐದಾರು ಕಟ್ಟಿ ನೋಡಿದಳು. ಒಂದು ಅಗಲ, ಒಂದು ದಪ್ಪ, ಒಂದು ಗಂಟಿನ ಮೇಲೆ ಹತ್ತಿ ಕೂರುತ್ತದೆ. ಕೊನೆಗೆ ನಾನು ಜೇಬಿನದನ್ನು ತೆಗೆದಿಟ್ಟೆ. ಹಿಂದೆ ಕುರ್ಚಿಯಲ್ಲಿ ಕೂತಿದ್ದ ಸಾಹೇಬರಿಗೆ ಈಗ ಕಣ್ಣು ಮಂಜು. ವಾಚನ್ನು ಕೈಯಲ್ಲಿ ತಡವಿ ನೋಡಿ, ಮಗಳಿಗೆ ಡಬ್ಬಿ ತೆಗೆಯಲು ಹೇಳಿದರು. ಮಡಿಚಿದ ಕಾಗದದ ಮೇಲೆ "ಗಿರಿಜಕ್ಕ, ಮಡಕಶಿರಾ". ಒಳಗೆ ನಾಲ್ಕು ಕೊಂಡಿ, ಹೊಸದರಂತೆ ಹೊಳೆಯುತ್ತಿದ್ದವು.

"ಎಲ್ಲಾ ಕೂಡಿಸಿದ್ರ ನಿಮಗ ಸರಿ ಆಗತೈತ್ರಿ" ಎಂದಳು ಶಬಾನಾ.

ನಾನು ಗಡಬಡಿಸಿ ಅವಳ ಕೈ ತಡೆದೆ. ಆ ಚೈನಿನ ಸುತ್ತು ಅಕ್ಕನ ಕೊನೆಯ ಕೈಯ ಅಳತೆ. ಅವಳದೆಂದು ನನ್ನ ಹತ್ತಿರ ಉಳಿದ ಅಳತೆ ಅದೊಂದೇ, ಬಿಚ್ಚಿದರೆ ಅದೂ ಹೋಯಿತು. ಹೇಗೆ ಹೇಳಿದೆನೋ, ತಡವರಿಸುತ್ತ ಹೇಳಿದೆ. ಸಾಹೇಬರು ತಲೆ ಎತ್ತದೆ ಅಂದರು: "ಆ ಅಳತಿ ಅಕ್ಕಾರ್ದಲ್ರಿ, ಬ್ಯಾನೀದು. ಅಕ್ಕಾರ ಅಳತಿ ನಾ ತಗೊಂಡೀನಲ್ಲ, ನಂಗ ಗೊತ್ತೈತಿ."

ಶಬಾನಾ ನಾಲ್ಕೂ ಕೊಂಡಿ ಕೂಡಿಸಿ, ಕೀ ಕೊಟ್ಟಳು. ಕೈಗೇರಿಸಿದೆ. ಗಂಟಿನ ಹಿಂದೆ ಸರಿದು ಕೂತಿತು, ಕಿರುಬೆರಳು ತೂರಿತು, ಕೊಡವಿದರೆ ತಿರುಗಲಿಲ್ಲ. ಮುಖ ಒಳಗೆ ಮಾಡಿ ಕಟ್ಟಿಕೊಂಡೆ.

ಮನೆಗೆ ಬಂದಾಗ ಹೆಂಡತಿ ಮೊರದಲ್ಲಿ ಶೇಂಗಾ ಹಸನು ಮಾಡುತ್ತಿದ್ದಳು. ಅವಳ ಬಳೆ ಮೊಳಕೈವರೆಗೆ ಜಾರಿ ಹೋಗಿ ಬರುತ್ತಿದ್ದವು. ಮೊದಲಿಂದ ಹಾಗೆಯೇ ಇದ್ದವೋ ಏನೋ, ನನಗೆ ತಿಳಿಯದು, ನೋಡಿದವನಲ್ಲ. ಎದುರಿಗೆ ಕೂತು ಅವಳ ಕೈ ಎಳೆದುಕೊಂಡು ಎರಡು ಬೆರಳು ಇಟ್ಟೆ.

"ಏನ್ರಿ ಇದು? ಎದಿ ನೋವು ನಿಮಗಲ್ಲೇನು ಬರೋದು?" ಎಂದು ನಕ್ಕಳು.

ನಾನು ಮುಳ್ಳು ನೋಡುತ್ತ ಎಣಿಸತೊಡಗಿದೆ. ಇನ್ನೊಬ್ಬರ ನಾಡಿ ಎಣಿಸುತ್ತಿದ್ದುದು ನನ್ನ ಜನ್ಮದಲ್ಲಿ ಅದೇ ಮೊದಲು. ನಲವತ್ತರ ಹತ್ತಿರ ಮುಳ್ಳು ಮಸುಕಾಗಿ ಲೆಕ್ಕ ತಪ್ಪಿತು.

"ಕೈ ತಗೀಬ್ಯಾಡ," ಅಂದೆ, "ಮೊದಲಿಂದ ಎಣಿಸ್ತೀನಿ."

ಅವಳು ಇನ್ನೊಂದು ಕೈಯಲ್ಲಿದ್ದ ಮೊರವನ್ನು ಕೆಳಗಿಟ್ಟಳು.