ಓರೆಯಾಗಿ ಎಳೆದ ಪೈಲು

ನಾನು ಚೊಚ್ಚಲ ಬಸುರಿಯಾಗಿದ್ದ ವರ್ಷ. ಹೈದರಾಬಾದಿನ ಕೊಂಡಾಪುರದಲ್ಲಿ ಎಲ್ಲಿ ನೋಡಿದರೂ ಐಟಿ ಕಂಪನಿಗಳ ಕಟ್ಟಡಗಳೇ ಏಳುತ್ತಿದ್ದವು. ಅಡಿಪಾಯ ಪರೀಕ್ಷಿಸುವ ಸಣ್ಣ ಸಂಸ್ಥೆಯೊಂದರಲ್ಲಿ ನಾನು ಎಂಜಿನಿಯರ್. ಮೇಲಧಿಕಾರಿ ರಾಯಚೂರು ಕಡೆಯ ಶರಣಪ್ಪ ಸರ್. ಮಾತು ಕಡಿಮೆ, ಸಿಡುಕು ಜಾಸ್ತಿ.

ಅಂದು ನಾವು ಹೋಗಿದ್ದ ಜಾಗ ಹಿಂದೆ ಕೆರೆಯಾಗಿತ್ತಂತೆ. ಮರಳು ತುಂಬಿ ಸಮ ಮಾಡಿದ್ದರು. ಉಕ್ಕಿನ ಹಗ್ಗಗಳಿಂದ ಬಿಗಿದು ನಿಲ್ಲಿಸುವ ದೊಡ್ಡ ಚಾವಣಿಯೊಂದು ಅಲ್ಲಿ ಬರಲಿತ್ತು. ನೆಲದೊಳಗೆ ಇಳಿಸಿದ ಕಾಂಕ್ರೀಟ್ ಕಂಬ, ಅಂದರೆ ಪೈಲು, ಮೇಲಿನಿಂದ ನೇರವಾಗಿ ಬರುವ ಭಾರವನ್ನು ಚೆನ್ನಾಗಿಯೇ ಹೊರುತ್ತದೆ. ಓರೆಯಾಗಿ ಎಳೆದರೆ ಸುತ್ತಲಿನ ಸಡಿಲ ಮರಳು ಅದನ್ನು ಎಷ್ಟು ಹಿಡಿದುಕೊಂಡೀತು? ಅದನ್ನು ತಿಳಿಯಲು ಪೈಲಿನ ತಲೆಗೆ ಉಕ್ಕಿನ ಹಗ್ಗ ಕಟ್ಟಿ ಯಂತ್ರದಿಂದ ಓರೆಯಾಗಿ ಎಳೆಸುತ್ತಿದ್ದೆವು. ಪೈಲು ಸರಿದದ್ದನ್ನು ತೋರಿಸುವ ಗೇಜಿನ ಮುಂದೆ ನಾನು ಕುಳಿತಿದ್ದೆ.

ಮೊದಮೊದಲು ಮುಳ್ಳು ಕದಲಲೇ ಇಲ್ಲ. ಎಳೆತ ಹೆಚ್ಚಿದಂತೆ ಪೈಲಿನ ಮುಂದಿನ ಮರಳು ಮೆಲ್ಲಗೆ ಉಬ್ಬಿತು, ಹಿಂದಿನದು ಜಾರಿ ಕುಸಿಯಿತು. ಮುಳ್ಳು ಓಡತೊಡಗಿತು. ನಾನು ಅಂಕಿ ಕೂಗಿ ಹೇಳುತ್ತಿದ್ದೆ.

“ಏಳ್ರಿ! ಅಲ್ಲಿಂದ ಏಳ್ರಿ!”

ಸರ್ ಓಡಿ ಬಂದು ನನ್ನ ರಟ್ಟೆ ಹಿಡಿದು ಮರಳಿನ ಚೀಲಗಳ ಹಿಂದಕ್ಕೆ ಎಳೆದರು. ಪಟಾರನೆ ಸದ್ದಾಯಿತು. ಹರಿದ ಹಗ್ಗ ಬೀಸಿ ಬಂದು ಗೇಜನ್ನು ಪುಡಿ ಮಾಡಿ ಅವರ ಮಂಡಿಗೆ ಬಡಿಯಿತು. ಹಗ್ಗದ ಎಳೆಗಳು ಬಿಚ್ಚಿಕೊಳ್ಳುತ್ತಿದ್ದುದು ಅವರ ಕಣ್ಣಿಗೆ ಮೊದಲೇ ಬಿದ್ದಿತ್ತು. ನಾನು ಚೀಲಗಳ ಮರೆಯಲ್ಲಿದ್ದೆ, ಅವರು ಇನ್ನೂ ಹೊರಗಿದ್ದರು.

ಬಿದ್ದಲ್ಲಿಂದಲೇ ಕೇಳಿದರು: “ನಿಮಗೇನೂ ಆಗಿಲ್ಲಲ್ರಿ? ಹೊಟ್ಟಿಗೆ ಪೆಟ್ಟು ಬಿತ್ತೇನು?”

ಆಸ್ಪತ್ರೆಗೆ ಅವರ ಹೆಂಡತಿ ನೀಲಮ್ಮ ಲಿಂಗಂಪಲ್ಲಿಯ ಮನೆಯಿಂದ ಓಡೋಡಿ ಬಂದರು. ಅವರ ಮುಖ ನೋಡುವ ಧೈರ್ಯ ನನಗಿರಲಿಲ್ಲ. “ನನ್ನನ್ನು ಉಳಿಸಲು ಹೋಗಿ ಸರ್‌ಗೆ...” ಎನ್ನುತ್ತ ಅತ್ತುಬಿಟ್ಟೆ. ಅವರು ಸೆರಗಿನಲ್ಲಿ ಕಣ್ಣೊರೆಸಿಕೊಂಡು ಪಕ್ಕದಲ್ಲಿ ಕುಳಿತರು. “ಅಳಬ್ಯಾಡ ತಂಗಿ. ಮುಂಜಾನಿಂದ ಏನರ ತಿಂದಿಯೇನು? ಒಳಗ ಒಂದು ಜೀವ ಐತಿ” ಎಂದರು.

ಶಸ್ತ್ರಚಿಕಿತ್ಸೆಯ ನಂತರ ಸರ್ ಕೇಳಿದ ಮೊದಲ ಮಾತು: “ಪೈಲು ಎಷ್ಟು ಸರೀತ್ರಿ?” ನೋಡಿದ್ದನ್ನು ಹೇಳಿದೆ. “ಹಂಗಾದ್ರ ಡಿಸೈನ್ ಬದಲಾಗಬೇಕು. ಚಾವಣಿ ಕೆಳಗ ಜನ ಕೂಡ್ತಾರ. ಯಾರು ಏನಂದ್ರೂ ಬಿಡಬ್ಯಾಡ್ರಿ” ಎಂದರು.

ನಾನು ಬಿಡಲಿಲ್ಲ. ಕಟ್ಟಡ ಕಟ್ಟಿಸುತ್ತಿದ್ದವರು ಖರ್ಚು ಹೆಚ್ಚುತ್ತದೆಂದು ಗೊಣಗಿದರು. ಹೊಸ ಹಗ್ಗ ಹಾಕಿ ಮತ್ತೆ ಪರೀಕ್ಷೆ ಮಾಡಿದಾಗಲೂ ಪೈಲು ಹಾಗೆಯೇ ಸರಿಯಿತು. ಕೊನೆಗೆ ಇನ್ನಷ್ಟು ಪೈಲು ಸೇರಿಸಿ, ಕೆಲವನ್ನು ಎಳೆತ ತಡೆಯುವಂತೆ ಓರೆಯಾಗಿಯೇ ಇಳಿಸಿದರು.

ಸರ್ ಅವರ ಮಂಡಿ ಮಾತ್ರ ಮತ್ತೆ ಮಡಚಲಿಲ್ಲ. ನನ್ನ ಮಗಳ ನಾಮಕರಣಕ್ಕೆ ಕೋಲೂರಿಕೊಂಡು ಬಂದರು. ಎಲ್ಲರೂ ಚಾಪೆಯ ಮೇಲೆ, ಅವರೊಬ್ಬರೇ ಕುರ್ಚಿಯಲ್ಲಿ, ಕಾಲು ನೀಡಿಕೊಂಡು. ಮಗುವನ್ನು ಅವರ ಕೈಗಿಟ್ಟೆ. ಏನಾದರೂ ಹೇಳಬೇಕೆಂದು ಅಲ್ಲೇ ನಿಂತೆ. “ಕೂಸು ಹಸದೈತ್ರಿ, ಹಾಲು ಕುಡಸ್ರಿ” ಎಂದು ಸಿಡುಕಿದರು.

ಈಗ ಮಗಳು ನನಗಿಂತ ಎತ್ತರ. ಅವಳು ಮೆಟ್ಟಿಲುಗಳನ್ನು ದಡದಡನೆ ಓಡಿ ಹತ್ತುವಾಗ ಎಲ್ಲರೂ “ಮೆಲ್ಲಗೆ” ಎಂದು ಗದರಿಸುತ್ತಾರೆ. ನನಗೆ ಮಾತ್ರ ಸರ್ ಅವರ ಆ ಮಡಚದ ಮಂಡಿ ನೆನಪಾಗಿ, ಗದರಿಸಲು ಬಾಯಿ ಬರುವುದಿಲ್ಲ.